ಏಳು ಮಕ್ಕಳು, ಒಂದು ಹಂಚು

ಅಪ್ಪ ಗೋವಾಕ್ಕ ಬಿಲ್ಡಿಂಗ್ ಕೆಲಸಕ್ಕ ಹೋದಾವ ಮೊದಮೊದಲು ರೊಕ್ಕ ಕಳಸ್ತಿದ್ದ, ಆಮ್ಯಾಲೆ ರೊಕ್ಕಾನೂ ನಿಂತು ಸುದ್ದಿನೂ ನಿಂತು. ಗದಗ ಕಡಿಯಿಂದ ವಾಸ್ಕೋ, ಮಡಗಾಂವ್ ಅಂತ ದುಡಿಯಾಕ ಹೋಗೋ ಮಂದಿ ಬಾಳ, ಓಣ್ಯಾಗ ಯಾರಿಗೂ ಇದು ಹೊಸಾದು ಅನ್ನಿಸಲಿಲ್ಲ. ಅವ್ವಗ ವಿಧವಾ ವೇತನ ಕೇಳೂಹಂಗೂ ಇಲ್ಲ, ಯಾಕಂದ್ರ ಗಂಡ ಸತ್ತಿಲ್ಲ, ಕಾಗದದಾಗ ಅದಾನ. ಬೆಟಗೇರ್ಯಾಗ ಒಂದ ಖೋಲಿ, ನಾವು ಏಳು ಮಕ್ಕಳು. ಮನಿ ನಡಿಸಿದ್ದು ಖಡಕ್ ರೊಟ್ಟಿ.

ರೊಟ್ಟಿ ಮಾರೋದು ಅಂದ್ರ ಬಡಿಯೋದಷ್ಟ ಅಲ್ರಿ. ಜೋಳ ಬೀಸಿಸಿ ಬಾಳ ದಿನ ಇಟ್ರ ಹಿಟ್ಟಿನ ಜಿಗಿ ಹೋಗತೈತಿ, ಬಡಿಯೂಮುಂದ ಅಂಚು ಸೀಳತಾವು, ಅದಕ್ಕ ಸ್ವಲ್ಪ ಸ್ವಲ್ಪನ ಗಿರಣಿಗೆ ಒಯ್ಯಬೇಕು, ಅದು ನನ್ನ ಕೆಲಸ. ಎಸರು ಕುದ್ದ ಮ್ಯಾಲೆ ಹಿಟ್ಟು ನಾದಾವ ಅಣ್ಣ, ಬಡಿಯೋರು ಅವ್ವ ಮತ್ತ ದೊಡ್ಡಕ್ಕ, ಹಂಚಿನ ಮ್ಯಾಲೆ ಹಸಿ ಅರಿವಿ ಆಡ್ಸಾಕಿ ಸಣ್ಣಕ್ಕ. ಬೆಂದ ರೊಟ್ಟಿನ ಒಲಿ ಸುತ್ತ ನಿಂದರಿಸಿ, ಒಂದೊಂದ ತಿರುವಿ ಖಡಕ್ ಆಗೂತನಕ ಕಾಯೋದು ಸಣ್ಣವರು, ನಿದ್ದಿ ಹತ್ತಿದ್ರ ಅಷ್ಟೂ ಕರಕಲ. ಉರಿಗೆ ಹತ್ತಿ ಕಟಗಿ. ನೀರಿಂದಂತೂ ಕೇಳಬ್ಯಾಡ್ರಿ, ನಮ್ಮೂರಾಗ ನಳ ವಾರಗಟ್ಟಲೆ ಬರ್ತಿರಲಿಲ್ಲ, ಬಂದ ದಿನ ಸಾಲಿ ಬಿಟ್ಟು ಎಲ್ಲಾರೂ ಕೊಡ ಹಿಡಿಯೋದು.

ಚಂದಾಗಿದ್ದ ರೊಟ್ಟಿ ಖಾನಾವಳಿಗೆ, ಮುರದಿದ್ದು ನಮಗ. ಮುರುಕು ರೊಟ್ಟಿಗೆ ಉಳ್ಳಾಗಡ್ಡಿ ಒಗ್ಗರಣಿ ಹಾಕಿದ್ರ ಹಬ್ಬಾನ, ಬೇಕಂತನ ಒಂದೆರಡು ಮುರೀತಿದ್ವಿ, ಅವ್ವಗ ಗೊತ್ತಿತ್ತು, ಸುಮ್ಮನಿರತಿದ್ದಳು. 2003ರ ಸುಮಾರಿಗೆ ಸಾಲ್ಯಾಗ ಬಿಸಿಯೂಟ ಶುರುವಾಗಿ ಸಣ್ಣವರ ಮಧ್ಯಾಹ್ನದ ಚಿಂತಿ ಹೋತು. ಅವ್ವ ಸ್ತ್ರೀಶಕ್ತಿ ಸಂಘ ಸೇರಿ ಸಾಲ ತಗೊಂಡು ಎರಡನೇ ಹಂಚು, ದೊಡ್ಡ ಒಲಿ ಮಾಡ್ಸಿದಳು. ಒಬ್ಬ ಖಾನಾವಳಿ ಮಾಲಕ ತಿಂಗಳ ಬಾಕಿ ಮುಳುಗಿಸಿದ, ಆವಾಗಿಂದ ಉದ್ರಿ ಬಂದ್, ರೊಟ್ಟಿ ಇಳಿಸೂಮುಂದನ ರೊಕ್ಕ.

ಬಡತನದಾಗ ಪ್ರೀತಿ ಜಾಸ್ತಿ ಅಂತಾರಲ್ಲ, ನಾನಂತೂ ಒಪ್ಪಂಗಿಲ್ಲ. ಒಂದ ಕೌದ್ಯಾಗ ನಾಲ್ಕು ಮಂದಿ ಮಲಗಿದ್ರ ಪ್ರೀತಿಗಿಂತ ಜಗಳಾನ ಜಾಸ್ತಿ. ನಮ್ಮನ್ನ ಕೂಡ್ಸಿ ಇಟ್ಟಿದ್ದು ಲೆಕ್ಕದ ವಹಿ. ಅಣ್ಣ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಾಕ ಹತ್ತಿದ ಮ್ಯಾಲೂ ಪಗಾರ ಅದರಾಗ ಬರೀಬೇಕು, ಯಾರಿಗೆ ಚಪ್ಪಲ್, ಯಾರಿಗೆ ನೋಟ್‌ಬುಕ್ಕು ಅನ್ನೋದೂ ಅದರಾಗನ, ಓದಾಕ ಬರೋ ಯಾರು ಬೇಕಾದ್ರೂ ತಗದು ನೋಡಬಹುದಿತ್ತು. ಮುಚ್ಚಿ ಇಡೋದು ಇಲ್ಲಂದ್ರ ಸಂಶಯ ಎಲ್ಲಿಂದ ಬರಬೇಕು. ಅಪ್ಪನ್ನ ಬೈಯೋದಕ್ಕೂ ಅವ್ವ ಬಿಡ್ತಿರಲಿಲ್ಲ, "ಬೈದ್ರ ಹಿಟ್ಟು ಬರತೈತೇನ? ಎದ್ದು ನೀರು ತಾ" ಅಂತಿದ್ದಳು.

ದೊಡ್ಡಕ್ಕ ಏಳನೆತ್ತಕ್ಕ ಸಾಲಿ ಬಿಟ್ಟಳು, ಬಿಡ್ಸಿದ್ವಿ ಅಂದ್ರನ ಸರಿ. ಈಗೂ ಯಾರರೆ "ನಿಮ್ಮನಿ ಒಗ್ಗಟ್ಟು ನೋಡಿ ಕಲೀಬೇಕ್ರಿ" ಅಂದ್ರ ಆಕಿ "ನನ್ನ ಸಾಲಿ ಬಿಡ್ಸಿ ಕಟ್ಟಿದ ಒಗ್ಗಟ್ಟದು" ಅಂತ ಮಾರಿ ಮ್ಯಾಲೆ ಹೇಳತಾಳ. ಖರೇನ ಐತಿ. ಆಕಿ ಮಗಳು ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಓದಾಕ ಹತ್ಯಾಳ, ಫೀ ಉಳಿದ ಆರೂ ಮಂದಿ ಪಾಳಿ ಹಚ್ಚಿ ಕಟ್ಟತೀವಿ, ಈ ವರ್ಷದ್ದು ನಂದು.