ಗೆಳೆಯರೊಂದಿಗೆ ತೆಪ್ಪನ್‌ಯಾಕಿ: ಬುಕಿಂಗ್‌ನಿಂದ ಬಿಲ್‌ವರೆಗೆ

ತೆಪ್ಪನ್‌ಯಾಕಿ ಎಂದರೆ ನಮ್ಮ ಎದುರಿಗೇ ಕಬ್ಬಿಣದ ಕಾವಲಿಯ ಮೇಲೆ ಶೆಫ್ ಬೇಯಿಸಿ ಬಡಿಸುವ ಜಪಾನಿ ಪದ್ಧತಿ. ಜಪಾನಿನ ದುಬಾರಿ ತೆಪ್ಪನ್‌ಯಾಕಿ ರೆಸ್ಟೋರೆಂಟ್‌ನಲ್ಲಿ ಊಟ ಚೆನ್ನಾಗಿ ಆಗುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ಬುಕಿಂಗ್ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಅಡುಗೆಯ ಚಿಂತೆ ನಮಗೆ ಬೇಡ, ಅದನ್ನು ಶೆಫ್ ನೋಡಿಕೊಳ್ಳುತ್ತಾರೆ. ಎಷ್ಟು ಜನ, ಯಾವ ಕಡೆಯ ಸೀಟು, ಎಷ್ಟು ಗ್ರಾಂ ಮಾಂಸ, ಯಾರಿಗೆ ಏನು ಆಗದು ಅನ್ನುವುದು ಮಾತ್ರ ನಮ್ಮ ಕೆಲಸ.

ಕಾವಲಿಯ ಎದುರು ಎಲ್ಲರೂ ಸಾಲಾಗಿ ಕೂರಬೇಕು. ನಾಲ್ಕು ಜನ ದಾಟಿದರೆ ಈ ತುದಿಯವರ ಮಾತು ಆ ತುದಿಗೆ ಕೇಳುವುದಿಲ್ಲ. ಹಾಗಾಗಿ ಐದಾರು ಜನರಿದ್ದರೆ ಕೌಂಟರ್ ತಿರುಗುವ ಮೂಲೆಯನ್ನೇ ಕೇಳುತ್ತೇನೆ, ಅಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತದೆ. ಅದಕ್ಕಿಂತ ಹೆಚ್ಚಾದರೆ ಸ್ವಂತ ಕಾವಲಿಯಿರುವ ಪ್ರತ್ಯೇಕ ಕೋಣೆ ಇದೆಯೇ, ಅದಕ್ಕೆ ಬೇರೆ ಬಾಡಿಗೆಯೇ ಎಂದು ವಿಚಾರಿಸುತ್ತೇನೆ. ಶೆಫ್ ಗುಂಪಿಗೆಲ್ಲ ಒಟ್ಟಿಗೇ ಅಡುಗೆ ಶುರು ಮಾಡುತ್ತಾರೆ. ಒಬ್ಬರು ತಡವಾಗಿ ಬಂದರೆ ಎಲ್ಲರೂ ಕಾಯಬೇಕು, ಇಲ್ಲವೇ ಅವರು ಮೊದಲ ಎರಡು ಐಟಂ ಆತುರದಲ್ಲಿ ನುಂಗಬೇಕು. ನಮ್ಮ ಗುಂಪಿಗೆ ಹದಿನೈದು ನಿಮಿಷ ಮೊದಲಿನ ಟೈಮ್ ಹೇಳಿಬಿಡುವುದೇ ಕ್ಷೇಮ. ಗಾಢವಾದ ಸೆಂಟು ಬೇಡವೆಂದೂ ಹೇಳಿರುತ್ತೇನೆ.

ಸಸ್ಯಾಹಾರಿಗಳು ಅಥವಾ ಅಲರ್ಜಿ ಇರುವವರು ಗುಂಪಿನಲ್ಲಿದ್ದರೆ ಈ ಭಾಗ ಎಲ್ಲಕ್ಕಿಂತ ಮುಖ್ಯ. ಒಂದು ಐಟಂ ಮುಗಿದ ಮೇಲೆ ಶೆಫ್ ಕಾವಲಿಯನ್ನು ಕೆರೆದು ಒರೆಸುತ್ತಾರೆ, ತೊಳೆಯುವುದಿಲ್ಲ. ಸಿಗಡಿ ಬೆಂದ ಜಾಗದಲ್ಲೇ ಅಣಬೆ ಬೇಯುತ್ತದೆ. ತರಕಾರಿಗೆ ಗೋಮಾಂಸದ ಕೊಬ್ಬು ಸವರುವುದೂ ಉಂಟು. ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿನ ತಳಸಾರು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನದು, ಅದೇ ಸಾರು ಎಷ್ಟೋ ಸಾಸ್‌ಗಳಲ್ಲೂ ಸೇರಿರುತ್ತದೆ. ಆದ್ದರಿಂದ ‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ಸಾಲದು. ಮಾಂಸ, ಮೀನು, ಪ್ರಾಣಿಕೊಬ್ಬು, ಮೀನಿನ ಸಾರು ಯಾವುದೂ ಬೇಡ; ಅಡುಗೆಮನೆಯಲ್ಲಿ ಬೇರೆ ಪ್ಯಾನ್‌ನಲ್ಲಿ ಮಾಡಿಕೊಡಲು ಸಾಧ್ಯವೇ ಎಂದು ಬಿಡಿಸಿ ಕೇಳಬೇಕು. ಕೆಲವರು ಆಗದು ಎನ್ನುತ್ತಾರೆ. ಹೋಗಿ ಕುಳಿತ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಒಳ್ಳೆಯದು.

ಇನ್ನು ಮಾಂಸ, ಅಂದರೆ ವಾಗ್ಯೂ ಎಂಬ ಜಪಾನಿ ತಳಿಗಳ ದನದ ಮಾಂಸ. ಮೆನುವಿನಲ್ಲಿ ‘ಎ5’ ಎಂಬ ದರ್ಜೆ ಕಂಡೊಡನೆ ಮರುಳಾಗಬೇಕಿಲ್ಲ. ‘ಎ’ ಅಕ್ಷರ ಹೇಳುವುದು ಒಂದು ಪ್ರಾಣಿಯಿಂದ ಎಷ್ಟು ಮಾಂಸ ಸಿಕ್ಕಿತು ಎಂಬುದನ್ನು. ಅದು ವ್ಯಾಪಾರಿಯ ಲೆಕ್ಕ, ತಿನ್ನುವವರಿಗೆ ಸಂಬಂಧವಿಲ್ಲ. ಗುಣಮಟ್ಟವನ್ನು ಹೇಳುವುದು ಅಂಕಿ. ಕೊಬ್ಬಿನ ಎಳೆಗಳನ್ನು 1ರಿಂದ 12ರವರೆಗೆ ಅಳೆಯುವ ಬಿಎಂಎಸ್ ಎಂಬ ಇನ್ನೊಂದು ಮಾಪನವಿದೆ, ಅದರಲ್ಲಿ 8ರಿಂದ 12ರವರೆಗಿನದೆಲ್ಲ ‘5’ರ ಮಟ್ಟಕ್ಕೇ ಸೇರುತ್ತದೆ. ಅಂದರೆ ಎರಡು ಎ5 ತುಂಡುಗಳ ನಡುವೆ ಬಹಳ ವ್ಯತ್ಯಾಸ ಇರಬಹುದು. ಕೋಬೆ ಬೀಫ್ ಎನ್ನಿಸಿಕೊಳ್ಳಲು ಹ್ಯೋಗೊ ಪ್ರಾಂತದ ತಾಜಿಮಾ ತಳಿಯಾಗಿರಬೇಕು, ಬಿಎಂಎಸ್ 6 ಅಥವಾ ಹೆಚ್ಚಿರಬೇಕು. ಜಪಾನಿನಲ್ಲಿ ಪ್ರತಿ ದನಕ್ಕೂ ಹತ್ತಂಕಿಯ ಗುರುತಿನ ಸಂಖ್ಯೆ ಇರುತ್ತದೆ, ಕೇಳಿದರೆ ತೋರಿಸುತ್ತಾರೆ.

ಇಷ್ಟು ಕೊಬ್ಬಿರುವ ಸರ್ಲಾಯಿನ್ (ಬೆನ್ನಿನ ಕಡೆಯ ಮಾಂಸ) 200 ಗ್ರಾಂ ಹೇಳಿದರೆ ಅರ್ಧಕ್ಕೇ ಬಾಯಿ ಕಟ್ಟುತ್ತದೆ. ತಲೆಗೆ 100ರಿಂದ 120 ಗ್ರಾಂ ಸಾಕು. ಇಬ್ಬರಿದ್ದರೆ ಒಬ್ಬರು ಸರ್ಲಾಯಿನ್, ಇನ್ನೊಬ್ಬರು ಫಿಲೆ (ಕೊಬ್ಬು ಕಡಿಮೆಯಿರುವ ಮೆತ್ತನೆಯ ಭಾಗ) ಹೇಳಿ, ಎರಡನ್ನೂ ಅರ್ಧರ್ಧ ಹಂಚಿ ಬಡಿಸುವಂತೆ ಶೆಫ್‌ಗೆ ಹೇಳುವುದು ನನ್ನ ರೂಢಿ. ಬೇಯಿಸುವ ಹದ ಫಿಲೆಗೆ ಮೀಡಿಯಂ ರೇರ್, ಅಂದರೆ ನಡುವೆ ಇನ್ನೂ ಕೆಂಪಾಗಿರುವಷ್ಟು. ಸರ್ಲಾಯಿನ್‌ಗೆ ಇನ್ನೊಂಚೂರು ಜಾಸ್ತಿಯೇ ಇರಲಿ. ಒಳಗಿನ ಕೊಬ್ಬಿಗೆ ಕಾವು ತಾಗಿ ಕರಗದಿದ್ದರೆ ಅದು ನಾಲಿಗೆಗೆ ಮೇಣ ಮೆತ್ತಿದಂತೆ ಆಗುತ್ತದೆ.

ಕುಳಿತ ಮೇಲೆ ಬೆಳ್ಳುಳ್ಳಿಯ ಕೆಲಸವನ್ನು ಗಮನಿಸಿ ನೋಡಿ, ಶೆಫ್‌ನ ಕೈ ಎಂಥದ್ದೆಂದು ಅಲ್ಲೇ ಗೊತ್ತಾಗುತ್ತದೆ. ಒಳಗಿನ ಹಸಿರು ಮೊಳಕೆ ತೆಗೆದು ತೆಳ್ಳಗೆ ಹೆಚ್ಚಿದ ಬಿಲ್ಲೆಗಳನ್ನು ಕಾವಲಿಯ ಕಡಿಮೆ ಕಾವಿನ ಅಂಚಿನಲ್ಲಿ, ಧಾರಾಳ ಎಣ್ಣೆಯಲ್ಲಿ ನಿಧಾನ ಕರಿಯುತ್ತಾರೆ. ಗುಳ್ಳೆ ಏಳುವುದು ಕಡಿಮೆಯಾಗಿ ಬಣ್ಣ ತಿಳಿ ಹೊನ್ನಿಗೆ ತಿರುಗುತ್ತಿದ್ದಂತೆ ಎತ್ತಿಬಿಡಬೇಕು. ಎಣ್ಣೆಯಿಂದ ತೆಗೆದ ಮೇಲೂ ಒಳಗಿನ ಕಾವಿಗೆ ಅದು ಕೆಂಪಾಗುತ್ತಲೇ ಇರುತ್ತದೆ. ಪೂರ್ತಿ ಕೆಂಪಾಗುವವರೆಗೆ ಬಿಟ್ಟರೆ ತಟ್ಟೆಗೆ ಬರುವಷ್ಟರಲ್ಲಿ ಕಹಿ. ಆ ಎಣ್ಣೆಯನ್ನು ಚೆಲ್ಲುವುದಿಲ್ಲ, ಕೊನೆಯಲ್ಲಿ ಬೆಳ್ಳುಳ್ಳಿ ಅನ್ನ ಹುರಿಯಲು ಬಳಸುತ್ತಾರೆ.

ಮಾಂಸವನ್ನು ಕಾವು ಹೆಚ್ಚಿರುವ ಕಡೆ ಇಟ್ಟು ಎರಡೂ ಮೈ ಕೆಂಪಗೆ ಮಾಡಿ, ಅಂಚಿಗೆ ಸರಿಸಿ ಕೆಲ ನಿಮಿಷ ಬಿಡುತ್ತಾರೆ. ಆಮೇಲೆ ತುತ್ತಿನಳತೆಗೆ ಕತ್ತರಿಸಿ ಎರಡು ಮೂರು ತುಂಡುಗಳಂತೆ ಬಡಿಸುತ್ತಾರೆ. ಗುಂಪು ಎಡವುವುದು ಇಲ್ಲೇ: ಫೋಟೋ, ಹರಟೆ, ಗ್ಲಾಸ್ ಎತ್ತಿ ಟೋಸ್ಟ್. ಚಿಕ್ಕ ತುಂಡು ಬೇಗ ಆರುತ್ತದೆ, ಆರಿದ ವಾಗ್ಯೂ ಬರೀ ಜಿಡ್ಡು. ಬಡಿಸಿದೊಡನೆ ಬಾಯಿಗೆ ಹಾಕಿ. ಫಿಲೆಗೆ ಬರಿ ಉಪ್ಪು ಚೆನ್ನ. ಸರ್ಲಾಯಿನ್ ಮೇಲೆ ವಾಸಾಬಿಯನ್ನು (ಮೂಗಿಗೇರುವ ಖಾರದ ಹಸಿರು ಪೇಸ್ಟ್) ಧೈರ್ಯವಾಗಿ ಇಡಬಹುದು, ಕೊಬ್ಬು ಅದರ ಖಾರವನ್ನು ಹೀರಿಬಿಡುತ್ತದೆ. ಪೊನ್‌ಜು ಎಂಬ ನಿಂಬೆ ಜಾತಿಯ ಹಣ್ಣಿನ ಸಾಸ್ ಕೊನೆಯ ತುಂಡುಗಳಿಗಿರಲಿ, ಅದರ ಹುಳಿ ಬಾಯಿಯನ್ನು ತೊಳೆಯುತ್ತದೆ. ಕುಡಿಯಲು ಐಸ್ ನೀರಿಗಿಂತ ಬಿಸಿ ಟೀ ಮೇಲು.

ಈರುಳ್ಳಿ ಬಿಲ್ಲೆಗಳನ್ನು ಪೇರಿಸಿ ಬೆಂಕಿಯ ಜ್ವಾಲಾಮುಖಿ ಮಾಡುವುದು, ಸಿಗಡಿಯ ಬಾಲ ಹಾರಿಸುವುದು ಇಲ್ಲಿ ನಡೆಯುವುದಿಲ್ಲ. ಅದು 1964ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಬೆನಿಹಾನಾ ರೆಸ್ಟೋರೆಂಟ್ ಜನಪ್ರಿಯಗೊಳಿಸಿದ ಶೈಲಿ. ತೆಪ್ಪನ್‌ಯಾಕಿಯ ಮೊದಲಿಗ ತಾನೇ ಎನ್ನುವ ಮಿಸೊನೊ ರೆಸ್ಟೋರೆಂಟ್ 1945ರಲ್ಲಿ ಕೋಬೆ ನಗರದಲ್ಲಿ ಆರಂಭವಾದದ್ದು. ಜಪಾನಿನ ದುಬಾರಿ ಕೌಂಟರ್‌ಗಳಲ್ಲಿ ಶೆಫ್ ಬಹುತೇಕ ಮೌನವಾಗಿಯೇ ಕೆಲಸ ಮಾಡುತ್ತಾರೆ. ಆಟ ತೋರಿಸಿ ಎಂದು ಒತ್ತಾಯಿಸಿದರೆ ಇಬ್ಬರಿಗೂ ಮುಜುಗರ.

ಸಿಹಿಗೆ ಬೇರೆ ಟೇಬಲ್‌ಗೆ ಕರೆದೊಯ್ಯುವ ಕಡೆ ಗುಂಪಿನ ಹರಟೆಯನ್ನು ಅಲ್ಲಿಗೆ ಉಳಿಸಿಕೊಳ್ಳಿ. ಬಿಲ್ ಲೆಕ್ಕವನ್ನಂತೂ ಮೊದಲೇ ಹೇಳಿಟ್ಟಿರಿ. ಮೆನುವಿನ ಬೆಲೆಯಲ್ಲಿ ತೆರಿಗೆ, ಸೇವಾ ಶುಲ್ಕ ಸೇರಿಲ್ಲದಿದ್ದರೆ 20,000 ಯೆನ್ ಕೋರ್ಸ್‌ಗೆ ಶೇ. 10 ಸೇವಾ ಶುಲ್ಕ ಕೂಡಿ 22,000, ಅದರ ಮೇಲೆ ಶೇ. 10 ತೆರಿಗೆ ಸೇರಿ 24,200 ಆಗುತ್ತದೆ. ಸೇವಾ ಶುಲ್ಕ ಶೇ. 15 ಇದ್ದಲ್ಲಿ 25,300. ಪಾನೀಯ ಬೇರೆ, ಬಿಳಿ ಅನ್ನದ ಬದಲು ಬೆಳ್ಳುಳ್ಳಿ ಅನ್ನ ಕೇಳಿದರೆ ಕೆಲವೆಡೆ ಅದಕ್ಕೂ ಹೆಚ್ಚುವರಿ. ತಲೆಗೊಂದು ಬಿಲ್ ಮಾಡಿಕೊಡಲು ಎಲ್ಲರೂ ಒಪ್ಪುವುದಿಲ್ಲ, ಒಬ್ಬರೇ ಕಾರ್ಡ್ ಕೊಟ್ಟು ಆಮೇಲೆ ಹಂಚಿಕೊಳ್ಳುವುದು ಸಲೀಸು. ಟಿಪ್ಸ್ ಇಡಬೇಡಿ, ವಾಪಸ್ ಕೊಡಲು ಹಿಂದೆ ಓಡಿ ಬಂದಾರು.