ಕ್ರಿಯಾಪದದ ತುದಿಯಲ್ಲಿ ಮರ್ಯಾದೆ: ನಾನು ಕೊರಿಯನ್ ಕಲಿತ ಬಗೆ

ಕಚೇರಿಯ ಕೆಲಸದ ಮೇಲೆ ಮೂರು ತಿಂಗಳು ಸಿಯೋಲ್‌ನಲ್ಲಿ ಇರಬೇಕಾಗಿ ಬಂದಾಗ ನಾನು ಮೊದಲು ಕಲಿತದ್ದು ಹಂಗುಲ್ ಲಿಪಿಯನ್ನು. ದೊರೆ ಸೆಜೊಂಗ್ 1446ರಲ್ಲಿ ಪ್ರಕಟಿಸಿದ ಈ ಲಿಪಿಯಲ್ಲಿ ಇಂದು ಮೂಲ ವ್ಯಂಜನಗಳು 14, ಮೂಲ ಸ್ವರಗಳು 10. ಕಾಗುಣಿತ ಬಲ್ಲವರಿಗೆ ಒಂದು ವಾರ ಧಾರಾಳವಾಯಿತು. ಆದರೆ ಬರೆದಂತೆಯೇ ಓದುವ ನಮ್ಮ ಅಭ್ಯಾಸ ಅಲ್ಲಿ ಎಲ್ಲ ಕಡೆಯೂ ನಡೆಯುವುದಿಲ್ಲ. ಧನ್ಯವಾದ ಹೇಳುವ ಪದವನ್ನು ‘ಗಮ್ಸಾಹಪ್‌ನಿದಾ’ ಎಂದು ಬರೆದು ‘ಗಮ್ಸಾಹಮ್ನಿದಾ’ ಎಂದು ಉಚ್ಚರಿಸುತ್ತಾರೆ. ವಾಕ್ ಮತ್ತು ಮಯ ಸೇರಿ ವಾಙ್ಮಯವಾಗುವಂಥದೇ ಅನುನಾಸಿಕ ಸಂಧಿ ಇದು ಎಂದು ಹೊಳೆದ ಮೇಲೆ ಆ ತೊಡಕು ಮತ್ತೆ ಕಾಡಲಿಲ್ಲ.

ನಿಜವಾದ ಕಷ್ಟವಿದ್ದದ್ದು ಮರ್ಯಾದೆಯಲ್ಲಿ. ನಮ್ಮಲ್ಲಿ ‘ನೀನು’ ಹೋಗಿ ‘ನೀವು’ ಬಂದರೆ ಅರ್ಧ ಕೆಲಸ ಮುಗಿಯಿತು. ಕೊರಿಯನ್ನಿನಲ್ಲಿ ಹಿರಿಯರಿಗೆ ಸರ್ವನಾಮವನ್ನೇ ಬಳಸದೆ ಹುದ್ದೆಯಿಂದ ಕರೆಯುತ್ತಾರೆ, ಉಳಿದ ಮರ್ಯಾದೆಯನ್ನೆಲ್ಲ ವಾಕ್ಯದ ಕೊನೆಯ ಕ್ರಿಯಾಪದವೇ ಹೊರುತ್ತದೆ. ಗೆಳೆಯನಿಗೆ ‘ಗೊಮಾವೊ’, ದಿನವೂ ಕಾಣುವ ಸಹೋದ್ಯೋಗಿಗೆ ‘ಗೊಮಾವೊಯೊ’, ಮೇಲಧಿಕಾರಿಗೆ ‘ಗಮ್ಸಾಹಮ್ನಿದಾ’. ವ್ಯಾಕರಣದ ಪುಸ್ತಕಗಳು ಸಾಮಾನ್ಯವಾಗಿ ಆರು ಮಟ್ಟಗಳನ್ನು ಎಣಿಸುತ್ತವೆ. ಹೊಸಬರಿಗೆ ‘ಯೊ’ ಎಂದು ಮುಗಿಯುವ ಮಟ್ಟವೊಂದೇ ಸಾಕೆಂದು ನನ್ನ ಅಭಿಪ್ರಾಯ. ‘ಮುಲ್ ಜುಸೆಯೊ’, ಅಂದರೆ ‘ನೀರು ಕೊಡಿ’, ಎಂದು ಕೇಳಿ ಯಾವ ಹೋಟೆಲಿನಲ್ಲೂ ಮುಜುಗರಪಡಬೇಕಾಗಿಲ್ಲ.

ನಾನು ಎಡವಿದ್ದು ಬೇರೆ ಕಡೆ. ‘ಯೊ’ ಕೇಳುವವರಿಗೆ ಸಲ್ಲುವ ಮರ್ಯಾದೆಯಾದರೆ, ಕ್ರಿಯಾಪದದೊಳಗೆ ಸೇರುವ ‘ಸಿ’ ಪ್ರತ್ಯಯ ಆ ಕ್ರಿಯೆಯನ್ನು ಮಾಡುವವರಿಗೆ ಸಲ್ಲುತ್ತದೆ. ಎರಡೂ ಕೂಡಿ ‘ಸೆಯೊ’ ಆಗುತ್ತದೆ. ಎಷ್ಟು ಗಂಟೆಗೆ ಬರುತ್ತೀರಿ ಎಂದು ಸಹೋದ್ಯೋಗಿಯೊಬ್ಬರು ‘ಒಸೆಯೊ?’ ಎಂದು ಕೇಳಿದಾಗ, ‘ವಾಯೊ’ ಎನ್ನಬೇಕಾದ ನಾನು ಅವರ ಮಾತನ್ನೇ ಹಿಡಿದು ‘ಎಂಟಕ್ಕೆ ಒಸೆಯೊ’ ಎಂದುಬಿಟ್ಟೆ. ‘ನಾನು ಎಂಟಕ್ಕೆ ದಯಮಾಡಿಸುತ್ತೇನೆ’ ಎಂದಂತಾಯಿತು. ಅವರು ನಗು ತಡೆದುಕೊಂಡದ್ದು ನನಗೆ ಕಾಣಿಸಿತು.

ಬೀಳ್ಕೊಡುವ ಮಾತಿನಲ್ಲೂ ಹೀಗೇ ಆಯಿತು. ಹೊರಟವರಿಗೆ ‘ಅನ್ಯೊಂಗ್‌ಹಿ ಗಾಸೆಯೊ’, ಸುಖವಾಗಿ ಹೋಗಿ. ಉಳಿಯುವವರಿಗೆ ‘ಅನ್ಯೊಂಗ್‌ಹಿ ಗ್ಯೆಸೆಯೊ’, ಸುಖವಾಗಿರಿ. ವಸತಿಯ ಕೆಳಗಿದ್ದ ಅಂಗಡಿಯ ಅಜ್ಜಿಗೆ ನಾನು ಎರಡು ವಾರ ಮೊದಲನೆಯದನ್ನೇ ಹೇಳಿ, ಅವರನ್ನು ಅವರದೇ ಅಂಗಡಿಯಿಂದ ಬೀಳ್ಕೊಡುತ್ತಿದ್ದೆ. ಒಂದು ಸಂಜೆ ಅವರು ಕೈಯಿಂದ ನೆಲ ತೋರಿಸಿ ‘ಗ್ಯೆಸೆಯೊ’ ಎಂದೂ ಬಾಗಿಲು ತೋರಿಸಿ ‘ಗಾಸೆಯೊ’ ಎಂದೂ ನಿಧಾನವಾಗಿ ಎರಡೆರಡು ಸಲ ಹೇಳಿ, ನಾನು ಸರಿಯಾಗಿ ಹೇಳಿದ ಮೇಲೆಯೇ ಚಿಲ್ಲರೆ ಕೊಟ್ಟರು.