ಮನೆ ಬಾಗಿಲಿಂದ ಬಸ್ ಸ್ಟಾಪಿನವರೆಗೆ: ನಮ್ಮ ಗಲ್ಲಿಗೆ ಯೋಜನೆ ಹಾಕುವುದು ಹೇಗೆ

ಮೂವತ್ತೊಂದು ವರ್ಷ ಪುಣೆಯ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. 1988ರಲ್ಲಿ ಇಂಡಿ ತಾಲೂಕಿನಿಂದ ಬಂದು ಸೇರಿದಾಗ ಅದು ಪಿಎಂಟಿ. 2007ರಲ್ಲಿ ಪಿಂಪ್ರಿ-ಚಿಂಚವಡದ ಬಸ್ಸುಗಳೂ ಕೂಡಿ ಪಿಎಂಪಿಎಂಎಲ್ ಆಯ್ತು. ಬಾಗಿಲ ಹತ್ತಿರ ನಿಂತು ಅಷ್ಟು ವರ್ಷ ನೋಡಿದವನಾಗಿ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ: ಬಹಳ ಮಂದಿಗೆ ಬಸ್ ತಪ್ಪುವುದು ಮನೆಯಿಂದ ಸ್ಟಾಪಿಗೆ ಬರುವ ದಾರಿಯಲ್ಲೇ. ಮಂಡಿನೋವಿನ ಅಜ್ಜಿ, ಕಂಕುಳಲ್ಲಿ ಕೂಸಿರುವ ತಾಯಿ, ನೆಲ ಒರೆಸಲು ನಾಲ್ಕು ಮನೆ ಸುತ್ತುವ ಹೆಣ್ಣುಮಗಳು, ಇವರೆಲ್ಲ ಫುಟ್‌ಪಾತ್ ಮುಗಿದಲ್ಲಿ ರಸ್ತೆಗಿಳಿದು, ಬೈಕುಗಳ ನಡುವೆ ದಾರಿ ಹುಡುಕಿ ಬರುವಷ್ಟರಲ್ಲಿ ನಾನು ಗಂಟೆ ಹೊಡೆದಾಗಿರುತ್ತಿತ್ತು.

ಈಗ ನಿವೃತ್ತನಾಗಿ ನಮ್ಮ ಸೊಸಾಯ್ಟಿಯ, ಅಂದರೆ ಕಟ್ಟಡದ ಮನೆಯವರೆಲ್ಲ ಸೇರಿದ ಸಹಕಾರಿ ಸಂಘದ, ಸೆಕ್ರೆಟರಿ ಆಗಿದ್ದೇನೆ. ಸಾತಾರಾ ರಸ್ತೆಗೆ ಹತ್ತಿದ ಪದ್ಮಾವತಿ ಭಾಗ, 1985ರ ಕಟ್ಟಡ, ನಾಲ್ಕು ಮಜಲು, 32 ಮನೆ, ಲಿಫ್ಟ್ ಇಲ್ಲ. ಗಲ್ಲಿಯ ಎಂಟು ಸೊಸಾಯ್ಟಿಗಳು ಸೇರಿ ಒಂದು ಯೋಜನೆ ಹಾಕಿ, ಅದರಲ್ಲಿ ಕೆಲವಷ್ಟನ್ನು ಆಗಿಸಿಕೊಂಡೆವು. ಹೇಗೆ ಅಂತ ಬೇರೆ ಕಡೆಯ ಕನ್ನಡದ ಮಂದಿ ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೂತು ನಕ್ಷೆ ಬಿಡಿಸುವ ಮೊದಲು ನಡೆಯಬೇಕು. ಒಮ್ಮೆ ಬೆಳಿಗ್ಗೆ ಏಳಕ್ಕೆ, ಒಮ್ಮೆ ಶಾಲೆ ಬಿಡುವ ಹೊತ್ತಿಗೆ, ಒಮ್ಮೆ ಕತ್ತಲಾದ ಮೇಲೆ. ಮಳೆಗಾಲದಲ್ಲಾದರೆ ಸುರಿಯುವಾಗಲೇ ಒಮ್ಮೆ ಹೋಗಿ ಬನ್ನಿ, ನೀರು ಎಲ್ಲಿ ನಿಲ್ಲುತ್ತದೆ ಅಂತ ಆವತ್ತೇ ಗೊತ್ತಾಗುವುದು. ಕಮಿಟಿಯ ಗಂಡಸರು ನಾಲ್ವರೇ ಹೋಗಬೇಡಿ. ನಾವು ಎರಡನೇ ಮಜಲಿನ ಎಪ್ಪತ್ತು ದಾಟಿದ ಕಾಕೂನ್ನ (ಹಿರಿಯ ಹೆಂಗಸರನ್ನು ಇಲ್ಲಿ ಹೀಗೆ ಕರೆಯುತ್ತಾರೆ) ಕರಕೊಂಡು ಹೋದೆವು. ನನಗೆ ನಾಲ್ಕು ನಿಮಿಷದ ದಾರಿ ಅವರಿಗೆ ಹನ್ನೊಂದು ನಿಮಿಷ ಹಿಡಿಯಿತು. ಅವರು ಎಲ್ಲೆಲ್ಲಿ ನಿಂತರೋ, ಎಲ್ಲೆಲ್ಲಿ ನನ್ನ ಕೈ ಹಿಡಿದರೋ, ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಗೇಟಿನಿಂದ ಸ್ಟಾಪಿಗೆ 340 ಮೀಟರ್, ಅದರಲ್ಲಿ ಹನ್ನೊಂದು ಗುರುತು. ನಮ್ಮ ಯೋಜನೆಯ ಮೊದಲ ಪುಟ ಆ ಹನ್ನೊಂದು ಗುರುತುಗಳೇ.

ಕೈಯಲ್ಲಿ ಐದು ಮೀಟರಿನ ಟೇಪ್ ಇರಲಿ. 'ಫುಟ್‌ಪಾತ್ ಬಹಳ ಕೆಟ್ಟದ್ದಿದೆ' ಎಂದು ಬರೆದ ಅರ್ಜಿಯನ್ನು ಓದಿದವರು ಮುಂದೇನು ಮಾಡಬೇಕು? ಅಳತೆ ಬರೆದರೆ ಅವರಿಗೂ ಕೆಲಸಕ್ಕೆ ಹಿಡಿ ಸಿಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಪಾದಚಾರಿ ಮಾರ್ಗಸೂಚಿಯ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಅಡ್ಡಿಯಿಲ್ಲದೆ ಇರಬೇಕು, ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಗಾಲಿಕುರ್ಚಿಯ ಇಳಿಜಾರಿಗೆ 1ಕ್ಕೆ 12ರ ಲೆಕ್ಕ, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಪುಣೆ ಮಹಾನಗರಪಾಲಿಕೆ 2016ರಲ್ಲಿ ತನ್ನದೇ ರಸ್ತೆ ವಿನ್ಯಾಸದ ಮಾರ್ಗಸೂಚಿಯನ್ನು ಒಪ್ಪಿಕೊಂಡಿದೆ, ಅದನ್ನೂ ಅರ್ಜಿಯಲ್ಲಿ ಉಲ್ಲೇಖಿಸಿ. ಜಾಗ ಹೇಳುವಾಗ 'ಕಿರಾಣಿ ಅಂಗಡಿಯ ಎದುರು' ಅನ್ನಬೇಡಿ. ದೀಪದ ಕಂಬಗಳ ಮೇಲೆ ನಂಬರ್ ಇರುತ್ತದೆ, ಈ ಕಂಬದಿಂದ ಆ ಕಂಬದವರೆಗೆ ಅಂತ ಬರೆಯಿರಿ.

ಫುಟ್‌ಪಾತಿನ ಮೇಲೆ ಕಾಯಿಪಲ್ಲೆ ಮಾರುವವರಿದ್ದರೆ ಅವರನ್ನು ಎಬ್ಬಿಸುವ ಮಾತಿನಿಂದ ಶುರು ಮಾಡಬೇಡಿ. ಇದನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಹೊಟ್ಟೆಪಾಡಿಗೆ ರಕ್ಷಣೆ ಕೊಟ್ಟಿದೆ. ಎಲ್ಲಿ ಕೂರಬೇಕು ಅನ್ನುವುದು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ತೀರ್ಮಾನ ಆಗಬೇಕು, ಅದರಲ್ಲಿ ಕಡಿಮೆಯೆಂದರೂ ಶೇಕಡಾ 40 ಮಂದಿ ವ್ಯಾಪಾರಿಗಳೇ ಇರಬೇಕು. ನಮ್ಮ ಗಲ್ಲಿಯಲ್ಲಿ ಕಾಯಿಪಲ್ಲೆ ಮಾರುವ ಮಾವಶಿ ಹದಿನೆಂಟು ವರ್ಷದಿಂದ ಅದೇ ಮೂಲೆಯಲ್ಲಿ ಕೂರುತ್ತಾಳೆ. ಗಟಾರ ಯಾವ ಚೇಂಬರಿನಲ್ಲಿ ಕಟ್ಟುತ್ತದೆ, ಯಾವ ದೀಪ ಎಷ್ಟು ದಿನದಿಂದ ಉರಿಯುತ್ತಿಲ್ಲ, ಸಂಜೆ ಯಾವ ಹುಡುಗರು ಗಾಡಿ ಜೋರಾಗಿ ಓಡಿಸುತ್ತಾರೆ, ಎಲ್ಲ ಆಕೆಗೆ ಗೊತ್ತು. ಟೇಪ್ ಹಿಡಿದು ಆಕೆಯ ಎದುರೇ ಅಳೆದು, 1.8 ಮೀಟರ್ ಬಿಟ್ಟು ಗೋಡೆಯ ಬದಿಗೆ ಬುಟ್ಟಿ ಸರಿಸಬಹುದಾ ಎಂದು ಕೇಳಿದೆವು. ಮರುದಿನವೇ ಸರಿಸಿದಳು.

ಇನ್ನು ಸಭೆ. ನೋಟಿಸ್ ಹಚ್ಚಿ ಭಾನುವಾರ ಕರೆದಾಗ ಒಂಬತ್ತು ಮಂದಿ ಬಂದಿದ್ದರು. ಗಣಪತಿ ಹಬ್ಬದಲ್ಲಿ ಇಡೀ ಗಲ್ಲಿ ಕೆಳಗಿಳಿಯುತ್ತದೆ, ಹತ್ತು ದಿನ ಎರಡು ಹೊತ್ತು ಆರತಿ. ಹಾಗಾಗಿ ಮಂಡಳದ ಹುಡುಗರ ಒಪ್ಪಿಗೆ ಪಡೆದು ಪೆಂಡಾಲಿನ ಒಂದು ಬದಿಗೆ ಗಲ್ಲಿಯ ನಕ್ಷೆಯನ್ನು ಹಾಸಿಗೆಯಷ್ಟು ದೊಡ್ಡದಾಗಿ ಬಿಡಿಸಿ ತೂಗುಹಾಕಿದೆವು. ಪಕ್ಕದಲ್ಲಿ ಹಣೆಗೆ ಹಚ್ಚುವ ಟಿಕಳಿಯ ಪಾಕೀಟುಗಳು. ಹೆದರಿಕೆ ಆಗುವಲ್ಲಿ ಕೆಂಪು, ಕೂತು ಮಾತಾಡಲು ಹಿತ ಅನಿಸುವಲ್ಲಿ ಹಸಿರು ಹಚ್ಚಿ ಅಂದೆವು. ಪ್ರಸಾದ ತಗೊಂಡ ಕೈಯಲ್ಲೇ ಹಚ್ಚಿದರು. ಮಾತಾಡಲು ಹಿಂಜರಿಯುವ ಸೊಸೆಯಂದಿರು, ಬಾಡಿಗೆಯ ಹುಡುಗರು, ವಾಚಮನ್, ಐದನೇ ಇಯತ್ತೆಯ ಮಕ್ಕಳು, ಎಲ್ಲರೂ. ಐದನೇ ದಿನಕ್ಕೆ ಟ್ರಾನ್ಸ್‌ಫಾರ್ಮರಿನ ಹಿಂದಿನ ತಿರುವು ಪೂರ್ತಿ ಕೆಂಪಾಯಿತು. ಹೆಚ್ಚಾಗಿ ಹೆಣ್ಣುಮಕ್ಕಳೇ ಹಚ್ಚಿದ್ದರು. ಕಮಿಟಿಯ ಯಾರ ಪಟ್ಟಿಯಲ್ಲೂ ಆ ಜಾಗ ಇರಲಿಲ್ಲ.

ಬಂದದ್ದನ್ನೆಲ್ಲ ಮೂರು ಗಂಟು ಮಾಡಿ. ನಾವೇ ಮಾಡಬಹುದಾದ್ದು ಮೊದಲನೆಯದು: ಗೇಟಿನ ದೀಪ, ಕಾಂಪೌಂಡಿನೊಳಗೆ ಬೈಕಿಗೆ ಗೆರೆ. ಇದನ್ನು ತಿಂಗಳೊಳಗೆ ಮುಗಿಸಿ, ಜನಕ್ಕೆ ನಂಬಿಕೆ ಬರುತ್ತದೆ. ವಾರ್ಡಿನ ಕ್ಷೇತ್ರೀಯ ಕಾರ್ಯಾಲಯ ಒಂದು ಬಜೆಟ್ಟಿನಲ್ಲಿ ಮಾಡಬಹುದಾದ ಫುಟ್‌ಪಾತ್, ಕಂಬ, ಚೇಂಬರಿನ ಮುಚ್ಚಳ ಎರಡನೆಯದು. ಮೂರನೆಯದು ದೊಡ್ಡದು, ಬಸ್ಸು, ಮೆಟ್ರೋ, ಹಳೇ ಕಟ್ಟಡ.

ಎರಡನೇ ಗಂಟಿಗೆ ಪುಣೆಯಲ್ಲಿ ಒಳ್ಳೆಯ ದಾರಿಯಿದೆ. 2006ರಿಂದ ಇಲ್ಲಿ ನಾಗರಿಕರೇ ಬಜೆಟ್ಟಿಗೆ ಕೆಲಸ ಸೂಚಿಸುವ ಪದ್ಧತಿ ನಡೆದುಬಂದಿದೆ. ನಾವು ಅರ್ಜಿ ಹಾಕಿದಾಗ ಒಂದು ಕೆಲಸಕ್ಕೆ 5 ಲಕ್ಷ ರೂಪಾಯಿಯ ಮಿತಿ ಇತ್ತು. ಅರ್ಜಿ ತಗೊಳ್ಳುವುದು ಮಳೆಗಾಲದ ಕೊನೆಗೆ, ಹೆಚ್ಚುಕಡಿಮೆ ಗಣಪತಿಯ ಆಸುಪಾಸು. ಆ ಹಣ ಖರ್ಚಾಗುವುದು ಮುಂದಿನ ಏಪ್ರಿಲ್‌ನಿಂದ, ಆದ್ದರಿಂದ ನಡೆದು ಅಳೆಯುವ ಕೆಲಸ ಜುಲೈಯೊಳಗೆ ಆಗಿರಬೇಕು. ಮೊದಲ ವರ್ಷ ನಾವು ಒಂದೇ ಅರ್ಜಿಯಲ್ಲಿ ನಾಲ್ಕು ಕೆಲಸ ತುಂಬಿದೆವು, ಒಂದೂ ಆಗಲಿಲ್ಲ. ಎರಡನೇ ವರ್ಷ ಒಂದು ಅರ್ಜಿಗೆ ಒಂದೇ ಕೆಲಸ, ಒಂದು ಫೋಟೋ, ಒಂದು ಅಳತೆ. 90 ಮೀಟರ್ ಫುಟ್‌ಪಾತ್ ಸಿಕ್ಕಿತು. ಅರ್ಜಿ ಕೊಟ್ಟು ಸುಮ್ಮನಾಗದೆ ಜೂನಿಯರ್ ಇಂಜಿನಿಯರ್ ಸಾಹೇಬರನ್ನು ಕರೆದು, ಕಾಕೂ ಜೊತೆಗೆ ಅದೇ ದಾರಿಯಲ್ಲಿ ನಡೆಸಿ. ನಮ್ಮಲ್ಲಿಗೆ ಬಂದವರು ಕಾಕೂ ಕೈಹಿಡಿದು ಒಂದು ಕಟ್ಟೆ ಇಳಿಸಿದರು. ಆಮೇಲೆ ನಾವು ಏನನ್ನೂ ವಿವರಿಸಬೇಕಾಗಲಿಲ್ಲ.

ಕೆಲಸ ಮಂಜೂರಾಗಿ ಮುಂದೆ ಸರಿಯದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಹತ್ತು ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್, 30 ದಿನದಲ್ಲಿ ಉತ್ತರ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಒಳಗೆ. ಜಗಳದ ಧಾಟಿ ಬೇಡ, 'ಈ ಕೆಲಸದ ಟೆಂಡರ್ ಯಾವ ಹಂತದಲ್ಲಿದೆ' ಅಂತ ಕೇಳಿ. ಎಲ್ಲ ಅರ್ಜಿ ಮರಾಠಿಯಲ್ಲೇ ಇರಲಿ. ಇಲ್ಲೇ ಓದಿದ ನಮ್ಮ ಮಕ್ಕಳು ಚೆನ್ನಾಗಿ ಬರೆಯುತ್ತಾರೆ. ನಾವು ಹೊರಗಿಂದ ಬಂದವರು, ನಮಗ್ಯಾಕೆ ಅಂತ ನಮ್ಮವರು ಹಿಂದೆ ಸರಿಯುವುದನ್ನು ಬಹಳ ಕಂಡಿದ್ದೇನೆ. ತೆರಿಗೆ ನಾವೂ ಕಟ್ಟುತ್ತೇವೆ, ಆ ರಸ್ತೆಯಲ್ಲಿ ನಮ್ಮ ಮೊಮ್ಮಕ್ಕಳೂ ನಡೆಯುತ್ತವೆ.

ಬಸ್ಸಿನ ವಿಷಯ ನನ್ನದು. 'ಬಸ್ ಹೆಚ್ಚಿಸಿ' ಅನ್ನುವ ಅರ್ಜಿಗಳು ಡಿಪೋಗೆ ದಿನಾ ಬರುತ್ತವೆ. ನೀವು ಮೂರು ದಿನ ಸ್ಟಾಪಿನಲ್ಲಿ ಕೂತು, ಯಾವ ನಂಬರಿನ ಬಸ್ ಎಷ್ಟಕ್ಕೆ ಬಂತು, ಹತ್ತಲಾಗದೆ ಎಷ್ಟು ಮಂದಿ ಉಳಿದರು ಎಂದು ಬರೆದುಕೊಂಡು ಹೋಗಿ. ಸ್ಟಾಪಿನ ಜಾಗವನ್ನೂ ನೋಡಿ. ದೊಡ್ಡ ಬಸ್ 12 ಮೀಟರ್ ಉದ್ದ, ಅದು ಫುಟ್‌ಪಾತಿಗೆ ಒತ್ತಿ ನಿಲ್ಲಬೇಕಾದರೆ ಮುಂದೆಯೂ ಹಿಂದೆಯೂ ತಿರುಗಿಸಿಕೊಳ್ಳಲು ಖಾಲಿ ಜಾಗ ಬೇಕು. ರಿಕ್ಷಾ ನಿಂತಿದ್ದರೆ ಡ್ರೈವರ್ ನಡುರಸ್ತೆಯಲ್ಲೇ ನಿಲ್ಲಿಸುತ್ತಾನೆ, ಅಜ್ಜಿ ಎರಡಡಿ ಮೆಟ್ಟಿಲು ನೆಲದಿಂದ ಹತ್ತಬೇಕಾಗುತ್ತದೆ. ಹಾಗಾಗಿ ಶೆಡ್ಡಿಗಿಂತ ಮೊದಲು ಖಾಲಿ ಜಾಗ ಕೇಳಿ. 2006ರ ಕೊನೆಗೆ ನಮ್ಮ ಸಾತಾರಾ ರಸ್ತೆಯ ಸ್ವಾರಗೇಟ್–ಕಾತ್ರಜ ಮಾರ್ಗದಲ್ಲಿ ಬಿಆರ್‌ಟಿ ಶುರುವಾದಾಗ ಬಸ್ಸಿಗೆ ರಸ್ತೆ ನಡುವೆ ತನ್ನದೇ ದಾರಿ ಸಿಕ್ಕಿತು. ಆ ನಡುವಿನ ಸ್ಟಾಪಿಗೆ ಗಾಡಿಗಳನ್ನು ದಾಟಿ ಬರುವವರ ಮುಖದ ಗಾಬರಿ ನನ್ನ ಕಣ್ಣಲ್ಲಿ ಇನ್ನೂ ಇದೆ. ಈಗ ಸ್ವಾರಗೇಟಿಗೆ 2024ರ ಸೆಪ್ಟೆಂಬರಿನಿಂದ ಮೆಟ್ರೋ ಬರುತ್ತಿದೆ, ಅಲ್ಲಿಂದ ಕಾತ್ರಜಕ್ಕೆ 5.46 ಕಿಲೋಮೀಟರ್ ನೆಲದಡಿಯ ದಾರಿಗೆ ಅದೇ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸ್ಟೇಶನ್ನಿನ ಬಾಗಿಲು ಎಲ್ಲಿ ಬರುತ್ತದೆ, ಅಲ್ಲಿಂದ ನಮ್ಮ ಗಲ್ಲಿಗೆ ದಾಟುವುದು ಹೇಗೆ ಎಂದು ಕೇಳಬೇಕಾದ ಹೊತ್ತು ಇದೇ, ಕಟ್ಟಿದ ಮೇಲಲ್ಲ.

ಮನೆಯ ವಿಷಯಕ್ಕೆ ಬಂದರೆ, ಮೊದಲು ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಅನ್ನುವ ತಪಾಸಣೆ. ಸೊಸಾಯ್ಟಿಯ ಮಾದರಿ ಉಪವಿಧಿಯಲ್ಲಿ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಅಂತಿದೆ. ಆಮೇಲೆ ಜಾಗ ಸೊಸಾಯ್ಟಿಯ ಹೆಸರಲ್ಲಿದೆಯೇ ನೋಡಿ. ಬಿಲ್ಡರ್ ಕನ್ವೇಯನ್ಸ್ (ಜಾಗವನ್ನು ಸೊಸಾಯ್ಟಿಗೆ ಬರೆದುಕೊಡುವ ಪತ್ರ) ಮಾಡಿಕೊಡದಿದ್ದರೆ, ಫ್ಲಾಟ್ ಮಾಲೀಕತ್ವಕ್ಕೆ ಮಹಾರಾಷ್ಟ್ರದಲ್ಲಿರುವ 1963ರ ಮೋಫಾ ಕಾಯ್ದೆಯಡಿ ಸಹಕಾರಿ ಸಂಘಗಳ ಜಿಲ್ಲಾ ಉಪನಿಬಂಧಕರ ಹತ್ತಿರ ಡೀಮ್ಡ್ ಕನ್ವೇಯನ್ಸ್, ಅಂದರೆ ಬಿಲ್ಡರ್ ಇಲ್ಲದೆಯೇ ಆಗುವ ಹಸ್ತಾಂತರ, ಕೇಳಬಹುದು. ಪುನರ್ವಿಕಾಸಕ್ಕೆ, ಅಂದರೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಲು, ರಾಜ್ಯ ಸರಕಾರದ 2019ರ ಆದೇಶದಂತೆ ಒಟ್ಟು ಸದಸ್ಯರಲ್ಲಿ ಶೇಕಡಾ 51 ಮಂದಿಯ ಒಪ್ಪಿಗೆ ಸಾಕು, ಆದರೆ ಆ ಸಭೆಗೆ ಮೂರರಲ್ಲಿ ಎರಡು ಭಾಗ ಬಂದಿರಬೇಕು, ವಿಡಿಯೋ ತೆಗೆಯಬೇಕು. ಎಷ್ಟು ಚದರಡಿ ಹೆಚ್ಚು ಸಿಗುತ್ತದೆ ಅನ್ನುವ ಲೆಕ್ಕದಲ್ಲೇ ಸಭೆ ಮುಗಿಯದಿರಲಿ. 32 ಮನೆ ಎಪ್ಪತ್ತಾದರೆ ಅಷ್ಟೂ ಮನೆಯ ಗಾಡಿಗಳು ಇದೇ ಗಲ್ಲಿಗೆ ಇಳಿಯುತ್ತವೆ. ಕರಾರಿನಲ್ಲೇ ಬರೆಸಿಕೊಳ್ಳಿ: ನಡೆಯುವವರಿಗೆ ಬಸ್ ಸ್ಟಾಪಿನ ಬದಿಗೆ ಬೇರೆ ಗೇಟು, ಕಾರಿನ ದಾರಿ ಫುಟ್‌ಪಾತನ್ನು ಒಂದೇ ಕಡೆ ದಾಟಬೇಕು, ಅದೂ ಫುಟ್‌ಪಾತ್ ಇಳಿಸದೆ. ಬಾಡಿಗೆಯವರಿಗೆ ಈ ಸಭೆಯಲ್ಲಿ ಮತವಿಲ್ಲ, ಆದರೆ ಮೊದಲು ಗಂಟುಮೂಟೆ ಕಟ್ಟುವವರು ಅವರು. ಕಡಿಮೆಯೆಂದರೂ ಒಂದು ವರ್ಷ ಮೊದಲೇ ತಿಳಿಸಿ, ಮಕ್ಕಳ ಶಾಲೆ ನಡುವರ್ಷದಲ್ಲಿ ತಪ್ಪದಿರಲಿ.

ಕೆಲಸ ಮುಗಿದ ಮೇಲೆ ಅದೇ ಟೇಪ್, ಅದೇ ಕಾಕೂ. ಹೋದ ಚಳಿಗಾಲದಲ್ಲಿ ನಡೆದು ನೋಡಿದಾಗ ಹನ್ನೊಂದು ನಿಮಿಷ ಏಳಕ್ಕೆ ಇಳಿದಿತ್ತು, ಹನ್ನೊಂದು ಗುರುತಲ್ಲಿ ನಾಲ್ಕು ಉಳಿದಿದ್ದವು. ದೊಡ್ಡದು ಟ್ರಾನ್ಸ್‌ಫಾರ್ಮರಿನ ಹಿಂದಿನ ಆ ಕೆಂಪು ತಿರುವು. ಅಲ್ಲಿ ಆರು ಮೀಟರ್ ಫುಟ್‌ಪಾತೇ ಇಲ್ಲ, ದೀಪವೂ ಇಲ್ಲ. ಟ್ರಾನ್ಸ್‌ಫಾರ್ಮರ್ ಸರಿಸುವ ಖರ್ಚು ದೊಡ್ಡದೆಂದು ಗೊತ್ತಾಗಿದೆ. ಈ ವರ್ಷದ ಅರ್ಜಿಯಲ್ಲಿ ಬರೀ ಒಂದು ಕಂಬ, ಒಂದು ದೀಪ ಕೇಳಿದ್ದೇವೆ.